ನಡುರಾತ್ರಿಯ ಗೋಲಿ ಸದ್ದು ಮತ್ತು ಮೆಕ್ಯಾನಿಕ್ ಸ್ಟೆತೊಸ್ಕೋಪ್

ಮೇಲಿನ ಮಹಡಿಯಲ್ಲಿ ಯಾರೋ ಗಾಜಿನ ಗೋಲಿಯೊಂದನ್ನು ನೆಲಕ್ಕೆ ಬಿಟ್ಟಂತೆ ಮೊದಲು ಗಟ್ಟಿಯಾಗಿ ಒಂದು ‘ಟಕ್’, ಅದರ ಬೆನ್ನಿಗೇ ಸಣ್ಣದಾಗುತ್ತ ಹೋಗುವ ಮೂರ್ನಾಲ್ಕು ‘ಟಕ್ ಟಕ್’, ಆಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ. ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಅನೇಕರಿಗೆ ಈ ಸದ್ದು ಪರಿಚಿತವಾಗಿರುತ್ತದೆ. ಮೇಲಿನ ಮನೆಯಲ್ಲಿ ಮಕ್ಕಳೇ ಇಲ್ಲದಿದ್ದರೂ, ಕೆಲವೊಮ್ಮೆ ಮೇಲೆ ಮನೆಯೇ ಇಲ್ಲದಿದ್ದರೂ ಗೋಲಿ ಮಾತ್ರ ತಪ್ಪದೆ ಬೀಳುತ್ತದೆ. ನನ್ನ ಮಲಗುವ ಕೋಣೆಯಲ್ಲಿ ಇದು ಸುಮಾರು ಎರಡು ತಿಂಗಳು ನಡೆಯಿತು. ಅದರ ಮೂಲವನ್ನು ಹುಡುಕಲೆಂದೇ ನಾನು ಕೊಂಡ, ವಾಹನ ರಿಪೇರಿ ಮಾಡುವವರು ಬಳಸುವ ಸ್ಟೆತೊಸ್ಕೋಪನ್ನು ಕುರಿತು ಈ ವಿಮರ್ಶೆ. ಉಪಕರಣ ಒಳ್ಳೆಯದೇ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವ ಕೆಲಸಕ್ಕಿಂತ ಬೇರೆಯದೇ ಒಂದು ಕೆಲಸದಲ್ಲಿ ಅದು ಒಳ್ಳೆಯದು. ಕಾಗದ, ಪೆನ್ನು ಮತ್ತು ಗಡಿಯಾರದ ನೆರವಿಲ್ಲದೆ ಅದರಿಂದ ಆಗುವ ಪ್ರಯೋಜನ ತೀರ ಕಡಿಮೆ.

ರಚನೆ ಸರಳವಾಗಿದೆ. ಗೇಣುದ್ದದ ತೆಳುವಾದ ಉಕ್ಕಿನ ಕಡ್ಡಿ, ಅದರ ಬುಡದಲ್ಲಿ ನಾಣ್ಯದಗಲದ ಒಂದು ಲೋಹದ ಡಬ್ಬಿ, ಡಬ್ಬಿಯೊಳಗೆ ಬಿಗಿದು ಕೂರಿಸಿದ ತೆಳು ಪೊರೆ, ಅಲ್ಲಿಂದ ಎರಡು ಕಿವಿಗಳಿಗೆ ಹೋಗುವ ರಬ್ಬರ್ ಕೊಳವೆ. ಕಡ್ಡಿಯ ತುದಿಯನ್ನು ಯಂತ್ರಕ್ಕೋ ಗೋಡೆಗೋ ಒತ್ತಿದರೆ ಅಲ್ಲಿನ ಕಂಪನ ಕಡ್ಡಿಯ ಮೂಲಕ ಪೊರೆಯನ್ನು ಅಲುಗಿಸುತ್ತದೆ, ಪೊರೆ ಕೊಳವೆಯೊಳಗಿನ ಗಾಳಿಯನ್ನು ಅಲುಗಿಸುತ್ತದೆ. ಘನ ವಸ್ತುವಿನಲ್ಲಿ ಓಡಾಡುವ ಸದ್ದಿನ ಬಹುಪಾಲು ಗಾಳಿಗೆ ದಾಟದೆ ವಸ್ತುವಿನೊಳಕ್ಕೇ ಹಿಂತಿರುಗುವುದರಿಂದ, ಬರಿಗಿವಿಗೆ ಏನೂ ಕೇಳದ ಜಾಗದಲ್ಲಿಯೂ ಕಡ್ಡಿಗೆ ಸಾಕಷ್ಟು ಕೇಳುತ್ತದೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದರಿಂದ ಶುರುವಾದ ಉಪಾಯವನ್ನೇ ಮೆಕ್ಯಾನಿಕ್‌ಗಳು ಎಂಜಿನ್ನಿಗೆ ಒಗ್ಗಿಸಿಕೊಂಡಿದ್ದಾರೆ. ಇದಿಲ್ಲದಿದ್ದರೆ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೂ ಒತ್ತಿಕೊಂಡು ಕೇಳುತ್ತಾರೆ. ನಾನು ಮೊದಲು ಮಾಡಿದ್ದೂ ಅದನ್ನೇ. ಅದು ಕೆಲಸ ಮಾಡುತ್ತದೆ. ಆದರೆ ಕೋಣೆಯ ಇತರ ಸದ್ದೂ ಕಿವಿಗೆ ಬೀಳುತ್ತಿರುತ್ತದೆ, ಮೇಲಾಗಿ ಗೋಡೆಯ ಬುಡದಲ್ಲಿ ಆ ಭಂಗಿಯಲ್ಲಿ ಎರಡು ನಿಮಿಷ ಕೂತರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಕೈಗೆ ತೆಗೆದುಕೊಂಡ ಮೊದಲ ರಾತ್ರಿ ಕಲಿತದ್ದು, ಈ ಉಪಕರಣಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೇಳುವುದು ಅದನ್ನು ಹಿಡಿದವರ ಸದ್ದೇ ಎಂಬುದನ್ನು. ಕೊಳವೆ ಅಂಗಿಗೆ ಸೋಕಿದರೆ ಗುಡುಗು, ಕಡ್ಡಿಯ ಮೇಲೆ ಬೆರಳು ಒಂದಿಷ್ಟು ಜಾರಿದರೆ ಮರ ಸೀಳಿದ ಸದ್ದು, ಕೈ ನಡುಗಿದರೆ ಕಡ್ಡಿಯ ತುದಿ ಸುಣ್ಣದ ಮೇಲೆ ಕೆರೆದು ಕಿವಿಯೊಳಗೆ ಮರಳು ಸುರಿದಂತೆ. ಡಬ್ಬಿಯನ್ನು ಎರಡು ಬೆರಳುಗಳಲ್ಲಿ ಹಗುರವಾಗಿ ಹಿಡಿದು, ಮೊಣಕೈಯನ್ನು ಮೊಣಕಾಲಿಗೆ ಊರಿ, ಉಸಿರು ಬಿಗಿಹಿಡಿದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಲು ಮೂರು ರಾತ್ರಿ ಬೇಕಾದವು. ಕಿವಿಗೆ ಹಾಕುವ ತುದಿಗಳು ಗಟ್ಟಿ ಪ್ಲಾಸ್ಟಿಕ್ಕಿನವು. ಹತ್ತು ನಿಮಿಷಕ್ಕೆ ನೋಯತೊಡಗುತ್ತವೆ. ಅವು ಸ್ವಲ್ಪ ಮುಂದಕ್ಕೆ, ಮೂಗಿನ ಕಡೆಗೆ ಬಾಗಿರುವಂತೆ ಹಾಕಿಕೊಳ್ಳಬೇಕು ಎಂಬುದನ್ನು ಸೂಚನಾಪತ್ರದಲ್ಲಿ ಹೇಳಿಲ್ಲ. ಹಿಂದುಮುಂದಾಗಿ ಹಾಕಿಕೊಂಡರೆ ಕಿವಿಯ ದಾರಿಗೂ ತುದಿಯ ತೂತಿಗೂ ಹೊಂದಿಕೆಯಾಗದೆ ಅರ್ಧ ಸದ್ದು ಹೋಗಿಬಿಡುತ್ತದೆ, ನಾವು ಉಪಕರಣವನ್ನು ಬೈಯುತ್ತೇವೆ.

ಮೊದಲ ವಾರ ಅದು ನನಗೆ ಯಾವ ಉಪಕಾರವನ್ನೂ ಮಾಡಲಿಲ್ಲ. ಎಂಜಿನ್ ಎಡೆಬಿಡದೆ ಓಡುತ್ತಿರುತ್ತದೆ, ಆದ್ದರಿಂದ ಕಡ್ಡಿಯನ್ನು ಒಂದೊಂದೇ ಜಾಗಕ್ಕೆ ಇಟ್ಟು ಎಲ್ಲಿ ಜೋರು ಎಂದು ಹೋಲಿಸಬಹುದು. ನನ್ನ ಸದ್ದಾದರೋ ಒಂದು ಸೆಕೆಂಡಿನೊಳಗೇ ಮುಗಿದುಹೋಗುತ್ತಿತ್ತು. ನಾನು ಹಾಸಿಗೆಯಿಂದ ಏಳುವಷ್ಟರಲ್ಲಿ ಮನೆಯೆಲ್ಲ ನಿಶ್ಶಬ್ದ. ಕಡ್ಡಿಯನ್ನು ಗೋಡೆಗೆ ಒತ್ತಿ ಕಾದು ಕುಳಿತಾಗ ಒಂದು ಸಲ ಕೇಳಿಸಿತು ಕೂಡ. ಆದರೆ ತಲೆದಿಂಬಿನ ಪಕ್ಕದ ಗೋಡೆಯಲ್ಲಿ ಎಷ್ಟು ಜೋರಾಗಿ ಕೇಳಿಸಿತೋ, ಮರುದಿನ ಎದುರು ಗೋಡೆಯಲ್ಲಿಯೂ ಅಷ್ಟೇ ಜೋರಾಗಿ ಕೇಳಿಸಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 1,480 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ. ಕಾಂಕ್ರೀಟಿನೊಳಗೆ ಹೊಕ್ಕ ಬಡಿತ ಕಣ್ಣು ಮಿಟುಕಿಸುವುದರೊಳಗೆ ಕಟ್ಟಡದ ತುಂಬ ಹಬ್ಬಿರುತ್ತದೆ. ಸದ್ದು ಯಾವ ದಿಕ್ಕಿನದು ಎಂದು ನಮ್ಮ ಮೆದುಳು ನಿರ್ಧರಿಸುವುದು ಮುಖ್ಯವಾಗಿ ಎರಡು ಕಿವಿಗಳನ್ನು ಅದು ಮುಟ್ಟುವ ಹೊತ್ತಿನಲ್ಲಿರುವ ವ್ಯತ್ಯಾಸದಿಂದ. ಆ ವ್ಯತ್ಯಾಸ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇಡೀ ಚಾವಣಿಯೇ ಸ್ಪೀಕರಿನಂತೆ ಅದುರಿದಾಗ ಆ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಮಲಗಿದವನ ಕಣ್ಣೆದುರಿಗೆ ಇರುವುದು ಚಾವಣಿಯಾದ್ದರಿಂದ ಅಪವಾದವೂ ಚಾವಣಿಯ ಮೇಲಿನವರಿಗೇ ಹೋಗುತ್ತದೆ. ನಾನೂ ಮೇಲಿನ ಮನೆಯವರನ್ನು ಒಮ್ಮೆ ಕೇಳಿದ್ದೆ. ಅವರು ಅಷ್ಟೇ ಸೌಜನ್ಯದಿಂದ, ತಮಗೂ ಅದೇ ಸದ್ದು ಕೇಳುತ್ತಿದೆಯೆಂದೂ ತಾವು ತಮ್ಮ ಮೇಲಿನವರನ್ನು ಸಂಶಯಿಸುತ್ತಿದ್ದೆವೆಂದೂ ಹೇಳಿದರು.

ಅಲ್ಲಿಂದ ಮುಂದಕ್ಕೆ ದಾರಿ ತೋರಿಸಿದ್ದು ಫೋನಿನ ಧ್ವನಿಮುದ್ರಣ. ರಾತ್ರಿಯಿಡೀ ಮುದ್ರಿಸಲು ಯಾವ ಸಾಮಾನ್ಯ ಆ್ಯಪ್ ಆದರೂ ಆಗುತ್ತದೆ. ಆದರೆ ಹಿನ್ನೆಲೆಯ ಗದ್ದಲವನ್ನು ತಾನಾಗಿ ತಗ್ಗಿಸುವ ಸೌಲಭ್ಯವನ್ನು ಆಫ್ ಮಾಡಿಟ್ಟಿರಬೇಕು, ಇಲ್ಲವಾದರೆ ನಾವು ಹುಡುಕುತ್ತಿರುವುದನ್ನೇ ಅದು ಗದ್ದಲವೆಂದು ಅಳಿಸಿಹಾಕುತ್ತದೆ. ಬೆಳಿಗ್ಗೆ ಎದ್ದು ಧ್ವನಿಯ ಅಲೆಗಳ ಚಿತ್ರವನ್ನು ತೆರೆದರೆ ಎಂಟು ಗಂಟೆಗಳ ನೇರ ಗೆರೆಯ ನಡುವೆ ಮುಳ್ಳುಗಳಂತೆ ಎದ್ದುನಿಂತ ಗೀಟುಗಳು ಕಾಣುತ್ತವೆ. ಮೊದಲ ರಾತ್ರಿಯ ಮುದ್ರಣದಲ್ಲಿ ಅವುಗಳ ಹೊತ್ತನ್ನು ಬರೆದುಕೊಂಡೆ: 11.52, 12.39, 1.26, 2.13, 3.00. ನಡುವಿನ ಅಂತರ ಪ್ರತಿ ಸಲವೂ 47 ನಿಮಿಷ. ಒಂದು ರಾತ್ರಿ ಮಾತ್ರ ಲೆಕ್ಕ ತಪ್ಪಿತ್ತು. ಅಂದು ಒಂದು ಗಂಟೆಯ ಸುಮಾರಿಗೆ ನಾನೇ ಎದ್ದು ಶೌಚಾಲಯಕ್ಕೆ ಹೋಗಿಬಂದಿದ್ದೆ. ಆ ಕ್ಷಣಕ್ಕೆ ಈ ಎರಡಕ್ಕೂ ಇರುವ ಸಂಬಂಧ ನನಗೆ ಹೊಳೆಯಲಿಲ್ಲ ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ.

ಆ ಮುಳ್ಳುಗಳಲ್ಲಿ ಒಂದನ್ನು ಹಿಗ್ಗಿಸಿ ನೋಡಿದಾಗ ಗೋಲಿಯ ಕಥೆಯೇ ಸುಳ್ಳಾಯಿತು. ನಿಜವಾದ ಗೋಲಿ ಪುಟಿಯುವಾಗ ಪ್ರತಿ ನೆಗೆತವೂ ಹಿಂದಿನದಕ್ಕಿಂತ ಗಿಡ್ಡದಾಗಿರುವುದರಿಂದ ಬಡಿತಗಳ ನಡುವಿನ ಅಂತರ ಕುಗ್ಗುತ್ತ ಹೋಗಿ, ಕೊನೆಗೆ ಅವೆಲ್ಲ ಸೇರಿ ‘ಟರ್ರ್’ ಎಂದು ಮುಗಿಯುತ್ತವೆ. ನನ್ನ ಮುದ್ರಣದಲ್ಲಿ ಬಡಿತಗಳ ಜೋರು ಇಳಿಯುತ್ತಿತ್ತೇ ಹೊರತು ಅಂತರ ಕುಗ್ಗುತ್ತಿರಲಿಲ್ಲ. ಪ್ರತಿ ಸಲವೂ 0.15 ಸೆಕೆಂಡಿನ ಆಸುಪಾಸು. ಜೋರು ಕಡಿಮೆಯಾಗುತ್ತ, ತಾಳ ಮಾತ್ರ ಬದಲಾಗದೆ ಉಳಿದಿದೆಯೆಂದರೆ ಅದು ಬೀಳುತ್ತಿರುವ ವಸ್ತುವಲ್ಲ, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುವ ಏನೋ ಒಂದು.

ಸ್ಟೆತೊಸ್ಕೋಪ್ ತನ್ನ ಬೆಲೆಯನ್ನು ತೀರಿಸಿದ್ದು ಇದಾದ ಮೇಲೆ. ಮುಂದಿನ ಸದ್ದು ಎಷ್ಟು ಹೊತ್ತಿಗೆ ಎಂಬುದು ಈಗ ತಿಳಿದಿತ್ತಾದ್ದರಿಂದ ರಾತ್ರಿಯಿಡೀ ಕಾಯುವ ಅಗತ್ಯವಿರಲಿಲ್ಲ. 2 ಗಂಟೆ 10 ನಿಮಿಷಕ್ಕೆ ಅಲಾರಂ ಇಟ್ಟುಕೊಂಡು ಎದ್ದೆ. ಕಡ್ಡಿಯನ್ನು ತಲೆದಿಂಬಿನ ಪಕ್ಕದ ಗೋಡೆಗೆ ಒತ್ತಿ, ಕತ್ತಲಲ್ಲಿ ಮಂಡಿಯೂರಿ ಕುಳಿತೆ. ಎರಡು ನಿಮಿಷ ನನ್ನದೇ ನಾಡಿಮಿಡಿತ. ಆಮೇಲೆ ಗೋಡೆಯ ಆಳದಿಂದ, ದೂರದಲ್ಲಿ ಯಾರೋ ಹಲ್ಲು ಕಚ್ಚಿಕೊಂಡು ಉಸಿರೆಳೆದಂತೆ ‘ಸುಯ್’ ಎಂಬ ಸದ್ದು ಶುರುವಾಗಿ, ಹತ್ತು ಸೆಕೆಂಡು ಹಾಗೆಯೇ ಇದ್ದು, ಥಟ್ಟನೆ ನಿಂತಿತು. ಅದು ನಿಂತ ಕ್ಷಣಕ್ಕೇ ‘ಟಕ್’. ಕಿವಿಯಿಂದ ತುದಿಗಳನ್ನು ಕಿತ್ತುಕೊಂಡೆ, ಅಷ್ಟು ಜೋರು. ಆದರೆ ಆ ‘ಸುಯ್’ ಎಂಬುದನ್ನು ಎರಡು ತಿಂಗಳಲ್ಲಿ ಒಂದು ಸಲವೂ ನಾನು ಕೇಳಿರಲಿಲ್ಲ. ಫೋನಿನ ಮುದ್ರಣದಲ್ಲಿಯೂ ಅದು ಸಿಕ್ಕಿರಲಿಲ್ಲ. ಈ ಉಪಕರಣವನ್ನು ಕೊಳ್ಳುವವರು ದೊಡ್ಡ ಸದ್ದನ್ನು ಇನ್ನಷ್ಟು ದೊಡ್ಡದಾಗಿ ಕೇಳಲು ಅದನ್ನು ಬಳಸಬಾರದು. ದೊಡ್ಡ ಸದ್ದಿನ ಹಿಂದೆ ಮುಂದೆ ಇರುವ, ಬರಿಗಿವಿಗೆ ಎಟುಕದ ಸಣ್ಣ ಸದ್ದನ್ನು ಹಿಡಿಯಲು ಬಳಸಬೇಕು. ಹರಿಯುವುದು, ನಿಲ್ಲುವುದು, ನಿಂತೊಡನೆ ಬಡಿತ ಎಂಬ ಕ್ರಮ ಕೇಳಿದ ಮೇಲೆ ಇದು ನೀರಿನ ಕೆಲಸ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಮೊದಲ ರಾತ್ರಿ ಸಿಂಕಿನ ಕೆಳಗಿನ ಆ್ಯಂಗಲ್ ಕಾಕ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಸಣ್ಣ ನಲ್ಲಿ) ತಿರುಗಿಸಿ ಮುಚ್ಚಿಟ್ಟೆ, ಗೋಲಿ ಬಿತ್ತು. ಎರಡನೆಯ ರಾತ್ರಿ ಕಮೋಡಿನ ಫ್ಲಶ್ ಟ್ಯಾಂಕಿನದನ್ನು ಮುಚ್ಚಿದೆ, ಬೀಳಲಿಲ್ಲ. ಬೆಳಿಗ್ಗೆ ಕಾಕ್ ತೆರೆದು, ಟ್ಯಾಂಕ್ ತುಂಬಿದ ಮೇಲೆ ಅದರ ಪಿಂಗಾಣಿಯ ಮೈಗೆ ಕಡ್ಡಿಯನ್ನಿಟ್ಟರೆ ಒಳಗೆ ಸಣ್ಣ ಝರಿಯೊಂದು ಹರಿಯುತ್ತಿರುವಂತೆ ನಿರಂತರವಾದ ‘ಜುಳುಜುಳು’. ಕಣ್ಣಿಗೆ ನೋಡಿದರೆ ಕಮೋಡಿನೊಳಗಿನ ನೀರು ಅಲುಗುತ್ತಲೂ ಇರಲಿಲ್ಲ. ಖಚಿತಪಡಿಸಿಕೊಳ್ಳಲು ಟ್ಯಾಂಕಿನ ನೀರಿಗೆ ನಾಲ್ಕು ಹನಿ ಬಣ್ಣ ಹಾಕಿ ಫ್ಲಶ್ ಮಾಡದೆ ಬಿಟ್ಟೆ. ಅರ್ಧ ಗಂಟೆಗೆ ಕೆಳಗಿನ ನೀರಿಗೂ ಬಣ್ಣ ಬಂದಿತ್ತು. ಟ್ಯಾಂಕಿನ ತಳವನ್ನು ಮುಚ್ಚುವ ರಬ್ಬರ್ ವಾಷರ್ ಗಟ್ಟಿಯಾಗಿ ಒಂದು ಅಂಚಿನಲ್ಲಿ ಸೊಟ್ಟಗಾಗಿತ್ತು. ಅಲ್ಲಿಂದ ಸೋರಿದ ನೀರಿನಿಂದ ಟ್ಯಾಂಕಿನ ಮಟ್ಟ ಬೆರಳಿನಗಲದಷ್ಟು ಇಳಿಯುವವರೆಗೆ ನೀರು ತುಂಬುವ ವಾಲ್ವ್ ಸುಮ್ಮನಿರುತ್ತಿತ್ತು, ಆಮೇಲೆ ಒಮ್ಮೆಲೇ ತೆರೆದುಕೊಂಡು, ತುಂಬಿದೊಡನೆ ಒಮ್ಮೆಲೇ ಮುಚ್ಚಿಕೊಳ್ಳುತ್ತಿತ್ತು. ಟ್ಯಾಂಕಿನ ಉದ್ದಗಲ ಅಳೆದು ಲೆಕ್ಕ ಹಾಕಿದಾಗ ಪ್ರತಿ ಸಲ ಸೋರುತ್ತಿದ್ದುದು ಸುಮಾರು ಒಂದು ಲೀಟರ್. 47 ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 30 ಲೀಟರ್ ನೀರು ಸದ್ದಿಲ್ಲದೆ ಹೋಗುತ್ತಿತ್ತು.

ಬಡಿತದ ಕಾರಣವನ್ನು ಕೊಳಾಯಿ ಕೆಲಸ ಬಲ್ಲವರು ವಾಟರ್ ಹ್ಯಾಮರ್ ಎನ್ನುತ್ತಾರೆ. ಕೊಳವೆಯಲ್ಲಿ ಓಡುತ್ತಿರುವ ನೀರಿಗೆ ತೂಕವಿದೆ, ಓಟವಿದೆ. ವಾಲ್ವ್ ಥಟ್ಟನೆ ಮುಚ್ಚಿದರೆ ಆ ಓಟವೆಲ್ಲ ಒತ್ತಡವಾಗಿ ಮಾರ್ಪಟ್ಟು, ಅಲೆಯಾಗಿ ಕೊಳವೆಯುದ್ದಕ್ಕೂ ಹಿಂದೆ ಮುಂದೆ ಓಡಾಡುತ್ತದೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೊವ್‌ಸ್ಕಿ 1898ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒತ್ತಡದ ಏರಿಕೆಯೆಂದರೆ ನೀರಿನ ಸಾಂದ್ರತೆ, ಅಲೆಯ ವೇಗ ಮತ್ತು ಹರಿವಿನ ವೇಗದಲ್ಲಾದ ಇಳಿಕೆ ಇವುಗಳ ಗುಣಲಬ್ಧ. ಪ್ಲಾಸ್ಟಿಕ್ ಕೊಳವೆಯಲ್ಲಿ ಅಲೆಯ ವೇಗವನ್ನು ಸೆಕೆಂಡಿಗೆ 400 ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತಾಗ ಒತ್ತಡ 4 ಬಾರ್ ಏರುತ್ತದೆ. ಅಂದರೆ 40 ಮೀಟರ್ ಎತ್ತರದ ನೀರಿನ ಕಂಬವನ್ನು ಕ್ಷಣಕಾಲ ಕೊಳವೆಯ ಮೇಲೆ ಹೊರಿಸಿದಂತೆ. ಅದೇ ಲೋಹದ ಕೊಳವೆಯಾದರೆ ಅಲೆ ಇನ್ನೂ ವೇಗವಾಗಿ ಸಾಗುವುದರಿಂದ ಏಟೂ ಹೆಚ್ಚು. ಗೋಡೆಯೊಳಗೆ ಸಡಿಲವಾಗಿರುವ ಕೊಳವೆ ಪ್ರತಿ ಅಲೆಗೂ ಜಿಗಿದು ಇಟ್ಟಿಗೆಗೆ ಬಡಿಯುತ್ತದೆ. ಅಲೆ ಒಂದು ಪೂರ್ಣ ಸುತ್ತು ಮುಗಿಸಲು ಕೊಳವೆಯ ಉದ್ದದ ನಾಲ್ಕರಷ್ಟು ದೂರ ಸಾಗಬೇಕು. 15 ಮೀಟರ್ ಕೊಳವೆಗೆ ಅದು 60 ಮೀಟರ್, ಹೊತ್ತು 0.15 ಸೆಕೆಂಡ್. ಮುದ್ರಣದಲ್ಲಿ ಕಂಡ ತಾಳಕ್ಕೂ ಈ ಲೆಕ್ಕಕ್ಕೂ ಹೊಂದಿಕೆಯಾದಾಗ, ನಿಜ ಹೇಳಬೇಕೆಂದರೆ, ಸದ್ದು ನಿಂತದ್ದಕ್ಕಿಂತ ಹೆಚ್ಚು ಸಂತೋಷವಾಯಿತು.

ರಾತ್ರಿ ಮಾತ್ರ ಏಕೆ ಎಂಬ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ. ಹಗಲಿನಲ್ಲಿಯೂ ವಾಷರ್ ಸೋರುತ್ತಿತ್ತು, ಆದರೆ ಯಾರಾದರೊಬ್ಬರು ಫ್ಲಶ್ ಮಾಡಿ 47 ನಿಮಿಷದ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿಸುತ್ತಿದ್ದರು; ಅಲ್ಲೊಂದು ಇಲ್ಲೊಂದು ಬಡಿತ ಆದರೂ ಮನೆಯ ಗದ್ದಲದಲ್ಲಿ ಮುಳುಗುತ್ತಿತ್ತು. ಮೇಲಾಗಿ ಊರೆಲ್ಲ ಮಲಗಿ ಬಳಕೆ ಇಳಿದಾಗ ಸರಬರಾಜಿನ ಕೊಳವೆಗಳಲ್ಲಿ ಒತ್ತಡ ಏರುತ್ತದೆ, ನೀರು ಹೆಚ್ಚು ವೇಗವಾಗಿ ನುಗ್ಗುತ್ತದೆ, ಏಟೂ ಬಲವಾಗುತ್ತದೆ.

ವಾಷರ್ ಬದಲಾಯಿಸಿದ ಮೇಲೆ ನಡುರಾತ್ರಿಯ ಸದ್ದು ನಿಂತಿತು. ಆದರೆ ಫ್ಲಶ್ ಮಾಡಿದಾಗಲೆಲ್ಲ ಬಡಿತ ಇದ್ದೇ ಇತ್ತು. ಸೋರಿಕೆ ಬಡಿತಕ್ಕೆ ನೆಪವಾಗಿತ್ತೇ ಹೊರತು ಬಡಿತದ ಮೂಲವಾಗಿರಲಿಲ್ಲ. ಇಲ್ಲಿ ಸ್ಟೆತೊಸ್ಕೋಪ್ ನನ್ನನ್ನು ದಾರಿ ತಪ್ಪಿಸಿತು ಎನ್ನಬೇಕು. ಈಗ ಟ್ಯಾಂಕಿನೊಳಗೆ ತೇಲುತ್ತ ವಾಲ್ವನ್ನು ತೆರೆದು ಮುಚ್ಚುವ ಫ್ಲೋಟನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬೇಕೆಂದಾಗ ಬಡಿತ ಸಿಗುತ್ತಿತ್ತಾದ್ದರಿಂದ, ಮನೆಯವರನ್ನು ಆ ಕೆಲಸಕ್ಕೆ ನಿಲ್ಲಿಸಿ, ನಾನು ಬಯಲಿಗೆ ಕಾಣುವ ಕೊಳವೆಯುದ್ದಕ್ಕೂ ಗೇಣಿಗೊಂದು ಕಡೆ ಕೇಳುತ್ತ ಹೋದೆ. ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಕೊಳವೆಯನ್ನು ಗೋಡೆಗೆ ಬಿಗಿದಿದ್ದ ಕ್ಲಾಂಪಿನಲ್ಲಿ. ಅದನ್ನೇ ಅಪರಾಧಿಯೆಂದು ಬಿಚ್ಚಿ, ರಬ್ಬರ್ ಇಟ್ಟು ಮತ್ತೆ ಬಿಗಿದೆ, ವ್ಯತ್ಯಾಸವೇನೂ ಆಗಲಿಲ್ಲ. ಗಟ್ಟಿಯಾಗಿ ಬಿಗಿದ ಕ್ಲಾಂಪ್ ಕಂಪನವನ್ನು ಚೆನ್ನಾಗಿ ದಾಟಿಸುತ್ತದೆ, ಅದಕ್ಕೇ ಅಲ್ಲಿ ಜೋರು. ಹೊಡೆದುಕೊಳ್ಳುತ್ತಿದ್ದುದು ಮಾರುದೂರದಾಚೆ, ಕ್ಲಾಂಪೇ ಇಲ್ಲದೆ ಕೊಳವೆ ಗೋಡೆಯೊಳಕ್ಕೆ ಹೊಕ್ಕುವ ತೂತಿನಲ್ಲಿ. ಅದನ್ನು ಕಂಡುಹಿಡಿದದ್ದು ಕಡ್ಡಿಯಲ್ಲ, ಕೊಳವೆಯ ಮೇಲೆ ಸುಮ್ಮನೆ ಇಟ್ಟ ಅಂಗೈ. ಎಲ್ಲಿ ಹೆಚ್ಚು ಕೇಳುತ್ತದೆಯೋ ಅಲ್ಲೇ ಮೂಲವಿದೆ ಎಂಬ ಸೂಚನಾಪತ್ರದ ಮಾತು ಎಂಜಿನ್ನಿನ ಬೇರಿಂಗಿಗೆ ಸರಿಯಿರಬಹುದು, ಮನೆಯ ಗೋಡೆಗಲ್ಲ. ತೂತಿನ ಸುತ್ತ ಮೆತ್ತನೆಯ ಸ್ಪಂಜಿನ ಪಟ್ಟಿ ತುರುಕಿ, ಆ್ಯಂಗಲ್ ಕಾಕನ್ನು ಅರ್ಧದಷ್ಟು ಮುಚ್ಚಿ ನೀರಿನ ಓಟ ತಗ್ಗಿಸಿದೆ. ಟ್ಯಾಂಕ್ ತುಂಬಲು ಈಗ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಬಡಿತವಿಲ್ಲ.

ಕೆಲವು ಸದ್ದುಗಳಿಗೆ ಈ ಉಪಕರಣ ಪ್ರಯೋಜನವಿಲ್ಲ ಎಂಬುದನ್ನೂ ಹೇಳಬೇಕು. ‘ಗುಂಯ್’ ಎಂದು ಎಡೆಬಿಡದೆ ಇರುವ ತಗ್ಗಿನ ಗುನುಗು ಅಂಥದ್ದು. 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತನ) ವಿದ್ಯುತ್ ಇರುವ ಕಡೆ ಟ್ರಾನ್ಸ್‌ಫಾರ್ಮರಿನ ಗುನುಗು 100 ಹರ್ಟ್ಸ್‌ನದು, 60 ಹರ್ಟ್ಸ್ ಇರುವ ಕಡೆ 120. 100 ಹರ್ಟ್ಸ್ ಸದ್ದಿನ ಒಂದು ಅಲೆಯೇ ಸುಮಾರು ಮೂರೂವರೆ ಮೀಟರ್ ಉದ್ದ, ಅಂದರೆ ಹೆಚ್ಚುಕಡಿಮೆ ಒಂದು ಕೋಣೆಯಷ್ಟು. ಅದು ಗೋಡೆಗಳ ನಡುವೆ ನಿಂತುಬಿಟ್ಟು ಒಂದು ಮೂಲೆಯಲ್ಲಿ ಜೋರಾಗಿಯೂ ಎರಡು ಹೆಜ್ಜೆ ಆಚೆ ಇಲ್ಲವೇ ಇಲ್ಲವೆಂಬಂತೆಯೂ ಕೇಳುತ್ತದೆ, ಕಡ್ಡಿ ಎಲ್ಲಿಟ್ಟರೂ ಉತ್ತರ ಒಂದೇ. ಮನೆಯ ಮೇನ್ ಸ್ವಿಚ್ ಆರಿಸಿ ನೋಡುವುದೊಂದೇ ಅದಕ್ಕೆ ನೇರವಾದ ಪರೀಕ್ಷೆ. ಆಗಲೂ ಗುನುಗು ಉಳಿದರೆ ಮೂಲ ಹೊರಗಿದೆ. ಇನ್ನೊಂದು, ಹೊಗೆ ಎಚ್ಚರಿಕೆಯ ಯಂತ್ರ ಬ್ಯಾಟರಿ ಇಳಿದಾಗ ನಿಮಿಷಕ್ಕೊಮ್ಮೆ ಹಾಕುವ ‘ಚಿಕ್’ ಎಂಬ ಕೂಗು. ನಸುಕಿನ ತಂಪಿಗೆ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಕುಸಿಯುವುದರಿಂದ ಅದು ಶುರುವಾಗುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಅದು ಗಾಳಿಯಲ್ಲಿ ಬರುವ ಸದ್ದು, ಗೋಡೆಗೆ ಕಡ್ಡಿ ಒತ್ತಿ ಸಿಗುವಂಥದ್ದಲ್ಲ. ಏಣಿ ಹಾಕಿ ಹತ್ತಿ ಬ್ಯಾಟರಿ ಬದಲಾಯಿಸಿ ನೋಡಬೇಕು.

ಸುರಕ್ಷತೆಯ ಬಗ್ಗೆ ಎರಡು ಮಾತು. ಕಡ್ಡಿ ಲೋಹದ್ದು. ವಿದ್ಯುತ್ ಪೆಟ್ಟಿಗೆ, ಸ್ವಿಚ್ ಬೋರ್ಡು, ಬಿಚ್ಚಿದ ಮೋಟಾರು ಇವುಗಳ ಹತ್ತಿರಕ್ಕೂ ಒಯ್ಯಬಾರದು; ತಿರುಗುವ ಭಾಗಗಳ ಬಳಿ ಕೊಳವೆ ಜೋತುಬೀಳದಂತೆ ನೋಡಿಕೊಳ್ಳಬೇಕು. ಕಿವಿಗೆ ಹಾಕಿಕೊಂಡಿರುವಾಗ ಕಡ್ಡಿಯ ಮೇಲೆ ಯಾರೂ, ಮುಖ್ಯವಾಗಿ ಕುತೂಹಲದ ಮಕ್ಕಳು, ಬೆರಳಿನಿಂದ ಬಡಿಯಕೂಡದು. ಆ ನೋವು ನನಗೆ ಒಂದು ಸಲ ಸಾಕಾಯಿತು.

ಹೊತ್ತು ಗೊತ್ತಿರುವ, ಇಲ್ಲವೇ ನಿರಂತರವಾಗಿರುವ, ಗೋಡೆ ಕೊಳವೆಗಳಲ್ಲಿ ಹರಿದಾಡುವ ಸದ್ದುಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಎಂದೋ ಒಮ್ಮೆ ಕೇಳಿ ಮಾಯವಾಗುವ ಸದ್ದಿಗೆ ಇದನ್ನು ಕೊಳ್ಳಬೇಡಿ, ಮೊದಲು ಒಂದು ವಾರ ಫೋನಿನಲ್ಲಿ ಮುದ್ರಿಸಿ, ಹೊತ್ತು ಬರೆದಿಟ್ಟು ನೋಡಿ. ಇದೇ ಬಗೆಯಲ್ಲಿ ಬ್ಯಾಟರಿ ಮತ್ತು ಹೆಡ್‌ಫೋನ್ ಇರುವ ಎಲೆಕ್ಟ್ರಾನಿಕ್ ಮಾದರಿಗಳೂ ಸಿಗುತ್ತವೆ. ಪರಿಚಿತರೊಬ್ಬರದನ್ನು ಒಂದು ರಾತ್ರಿ ಎರವಲು ತಂದು ನೋಡಿದೆ, ಸದ್ದು ಜೋರಾಗುತ್ತದೆ ನಿಜ, ಆದರೆ ಅದರ ಜೊತೆಗೆ ‘ಹಿಸ್’ ಎಂಬ ಯಂತ್ರದ ಸ್ವಂತ ಸದ್ದೂ ಏರಿ, ನಾನು ಹುಡುಕುತ್ತಿದ್ದ ‘ಸುಯ್’ ಅದರಲ್ಲಿ ಕರಗಿಹೋಗುತ್ತಿತ್ತು. ಕಳೆದ ಒಂದು ಅಂಕ ತಯಾರಕರ ಜಿಪುಣತನಕ್ಕೆ: ಕಿವಿಯ ಪ್ಲಾಸ್ಟಿಕ್ ತುದಿಗಳಲ್ಲಿ ಒಂದು ಎರಡನೆಯ ವಾರವೇ ಕಳಚಿ ಮಂಚದ ಕೆಳಗೆಲ್ಲೋ ಉರುಳಿತು, ಅದನ್ನು ಬಿಡಿಯಾಗಿ ಮಾರುವುದಿಲ್ಲವೆಂಬ ಉತ್ತರ ಬಂತು, ಹಳೆಯ ಇಯರ್‌ಫೋನಿನ ರಬ್ಬರನ್ನು ಸಿಕ್ಕಿಸಿಕೊಂಡು ಕೆಲಸ ಸಾಗಿಸುತ್ತಿದ್ದೇನೆ. ಮೊದಲಿನ ತುದಿಗಿಂತ ಅದೇ ಮೆತ್ತಗಿದೆ.